ಅನ್ಯರ ಅಡಿಗೆಯ ಋಣ

ಪರದೇಶದ ತಿಂಡಿಯನ್ನು ಹಣ ತೆತ್ತು ತಿಂದವನು ಅದನ್ನು ಮಾಡಿದವರಿಗೆ ಋಣಿಯೋ ಅಲ್ಲವೋ? ಬೆಲೆ ಕೊಟ್ಟಲ್ಲಿಗೆ ಲೆಕ್ಕ ತೀರಿತೆಂಬುದು ವ್ಯಾಪಾರದ ಮಾತು. ಧರ್ಮದ ಮಾತು ಅಷ್ಟು ಸುಲಭವಾಗಿ ತೀರುವುದಿಲ್ಲ.

ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್ ಭಾಗದಲ್ಲಿ ಕೊಲಂಬಿಯಾ, ಈಕ್ವೆಡಾರ್, ಮೆಕ್ಸಿಕೋ ದೇಶಗಳವರ ಉಪಾಹಾರ ಗೃಹಗಳು ಭಾರತೀಯರ ಅಂಗಡಿಗಳ ನೆರೆಯಲ್ಲಿಯೇ ಇವೆ. ಅಂತಹ ಕಡೆ ದೊರೆಯುವ ಎಂಪನಾಡವು ನೋಟಕ್ಕೆ ನಮ್ಮ ಕರ್ಜಿಕಾಯಿಯ ಒಡಹುಟ್ಟಿದುದೇ ಸರಿ. ಒಳಗಿನ ಹೂರಣ ಮಾತ್ರ ಬೇರೆ. ಚಿಲಿಯವರು ಮಾಂಸ, ಈರುಳ್ಳಿ, ಮೊಟ್ಟೆ, ಆಲಿವ್ ಕಾಯಿ, ಒಣದ್ರಾಕ್ಷಿಗಳನ್ನು ತುಂಬುತ್ತಾರೆ. ಅರ್ಜೆಂಟೀನದ ಸಾಲ್ಟಾ ಪ್ರಾಂತದವರಿಗೆ ಆಲೂಗೆಡ್ಡೆ ಬೇಕು; ನೆರೆಯ ಟುಕುಮಾನಿನವರಿಗೆ ಅದು ಕೂಡದು. (ಹುಳಿಗೆ ಬೆಲ್ಲ ಹಾಕುವ ವಿಷಯದಲ್ಲಿ ನಮ್ಮಲ್ಲಿ ನಡೆಯುವ ವಾದವನ್ನು ಬಲ್ಲವರು ಇದಕ್ಕೆ ನಗಲಾರರು.)

ಆದರೆ ಋಣದ ಪ್ರಶ್ನೆಗೆ ಮೆಕ್ಸಿಕೋದ ರೊಟ್ಟಿಯೇ ತಕ್ಕ ಸಾಕ್ಷಿ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ತೊಳೆದು ಅರೆಯುವುದು ಅಲ್ಲಿಯ ಪುರಾತನ ಪದ್ಧತಿ. 1492ರ ತರುವಾಯ ಯೂರೋಪಿನವರು ಕಾಳನ್ನು ಕೊಂಡೊಯ್ದರು. ಸುಣ್ಣದ ವಿಧಿಯನ್ನು ಅಲ್ಲಿಯೇ ಬಿಟ್ಟರು. ಆ ಕಾಳನ್ನೇ ನೆಚ್ಚಿ ಬದುಕಿದ ಸ್ಪೇನ್, ಇಟಲಿಗಳ ಬಡವರನ್ನು ಪೆಲ್ಲಾಗ್ರವೆಂಬ ವ್ಯಾಧಿಯು ಪೀಡಿಸಿತು. ಕಾಳಿನೊಳಗಿನ ನಿಯಾಸಿನ್ ಎಂಬ ಜೀವಸತ್ತ್ವವು ಸುಣ್ಣದ ಸಂಸ್ಕಾರವಿಲ್ಲದೆ ದೇಹಕ್ಕೆ ಸರಿಯಾಗಿ ದಕ್ಕದೆಂಬುದು ವಿದ್ವಾಂಸರಿಗೆ ತಿಳಿದುದು 20ನೆಯ ಶತಮಾನದಲ್ಲಿ. ಮೆಕ್ಸಿಕೋದ ಗೃಹಿಣಿಯ ಅರಿವನ್ನು ಅರಿವೆಂದೇ ಎಣಿಸದುದರ ಫಲವಲ್ಲವೆ ಇದು?

ಇಂದೂ ತಿಂಡಿಯನ್ನು ಮೆಚ್ಚಿ, ಮಾಡಿದವಳ ನುಡಿಯನ್ನು ಅಣಕಿಸುವವರುಂಟು. ಅವರನ್ನು ಹಳಿಯಲು ನಮಗಾದರೂ ಎಷ್ಟು ಅಧಿಕಾರ? ಬ್ಯಾಡಗಿಯ ಮೆಣಸಿನಕಾಯಿಯನ್ನು ನಮ್ಮದೆಂದು ಕೊಂಡಾಡುವ ನಾವು, ಆ ದೂರದ ಖಂಡದಲ್ಲಿ ಅದರ ಪೂರ್ವದ ಬೀಜವನ್ನು ಮೊದಲು ಪಳಗಿಸಿದವರು ಯಾರೆಂದು ಕೇಳಿದವರೇ ಅಲ್ಲ.