ಪಾಠಕ್ಕೆ ಪ್ರಶಸ್ತಿ: ಯಾರಿಗೆ, ಯಾತಕ್ಕೆ?

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಇನ್ಫೋಸಿಸ್‌ನ ನೆರವಿನಿಂದ 2009ರಲ್ಲಿ ವಿಜ್ಞಾನ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ಅದು ನೀಡುವ ಇನ್ಫೋಸಿಸ್ ಪ್ರಶಸ್ತಿ ಸಂಶೋಧನೆಗೆ ಸಲ್ಲುತ್ತದೆ, ಪಾಠಕ್ಕಲ್ಲ. ಇದರಲ್ಲಿ ತಪ್ಪೇನಿಲ್ಲ. ಸಂಶೋಧನೆಗೆ ಪ್ರಕಟವಾದ ಪುರಾವೆ ಇರುತ್ತದೆ. ಪಾಠದ ಫಲವಾದರೋ ವಿದ್ಯಾರ್ಥಿಯ ಬದುಕಿನಲ್ಲಿ, ಅದೂ ಎಷ್ಟೋ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಅದನ್ನು ತೂಗುವ ತಕ್ಕಡಿ ಯಾವುದು?

1958ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಯ ವ್ಯಾಪ್ತಿಗೆ 2023ರಲ್ಲಿ ಉನ್ನತ ಶಿಕ್ಷಣದ ಬೋಧಕರೂ ಬಂದರು. ಆ ವರ್ಷದ 75 ಪುರಸ್ಕೃತರಲ್ಲಿ ಅವರು 13 ಮಂದಿ. ಸ್ವಾಗತಾರ್ಹ ಹೆಜ್ಜೆಯೇ ಸರಿ. ಆದರೆ ಅರ್ಹತೆಗೆ ಖಾಯಂ ಬೋಧಕರಾಗಿರಬೇಕು. ನಮ್ಮ ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ಪೀಣ್ಯದ ಕಾರ್ಮಿಕನ ಮಗಳಿಗೆ ಪದವಿಯ ದಾರಿ ತೋರುವವರು ಬಹುಶಃ ಇವರೇ. ಇವರ ಪಾಠ ಎಷ್ಟೇ ಉತ್ತಮವಾಗಿರಲಿ, ಪ್ರಶಸ್ತಿಯ ಬಾಗಿಲು ತೆರೆಯದು.

1921ರಲ್ಲಿ ಡಾ. ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲು ನಿಲ್ದಾಣಕ್ಕೆ ಎಳೆದೊಯ್ದರು. ಅಲ್ಲಿ ಆಯ್ಕೆ ಸಮಿತಿ ಇರಲಿಲ್ಲ. ಆದರೆ ವಿದ್ಯಾರ್ಥಿಗಳ ಪ್ರೀತಿಯೊಂದೇ ಸಾಕೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಪ್ರೀತಿಯಿಂದ ಮನೆ ಬಾಡಿಗೆ ಕಟ್ಟಲಾಗದು. ಗೌರವ ಬೇರೆ, ನ್ಯಾಯ ಬೇರೆ. ಕೆಲವರಿಗೆ ಶಾಲು ಹೊದಿಸುವುದು ಗೌರವ. ಪಾಠ ಮಾಡುವ ಎಲ್ಲರಿಗೂ ತಿಂಗಳು ತಿಂಗಳು ತಪ್ಪದ ಸಂಬಳ, ನಾಳೆಯ ಭರವಸೆ ನೀಡುವುದು ನ್ಯಾಯ. ಎರಡನೆಯದನ್ನು ಕೊಡದ ಸಮಾಜ ಮೊದಲನೆಯದರಿಂದ ಋಣ ತೀರಿತೆಂದುಕೊಂಡರೆ, ಅದು ತನ್ನನ್ನೇ ವಂಚಿಸಿಕೊಂಡಂತೆ.