ಅಟ್ಟ ಏರಿದವರು ಯಾರು?

ಬಯಲಾಟದ ಅಟ್ಟ ಏರಿದ ವೇಷವನ್ನು ಸಾರಥಿ ಮೊದಲು ಕೇಳುವುದು: ತಾವು ಯಾರು, ಯಾವ ಪಟ್ಟಣದವರು? ‘ಹ್ಯಾಮ್ಲೆಟ್’ ಶುರುವಾಗುವುದೂ ಕತ್ತಲಲ್ಲಿ ಕಾವಲುಗಾರ ಹಾಕುವ ಅದೇ ಪ್ರಶ್ನೆಯಿಂದ. ಸಾರಥಿಗೆ ಕೂಡಲೇ ಉತ್ತರ ಸಿಗುತ್ತದೆ. ಹ್ಯಾಮ್ಲೆಟನಿಗೆ ಐದು ಅಂಕಗಳೂ ಸಾಲುವುದಿಲ್ಲ.

1966ರಲ್ಲಿ ಟಾಮ್ ಸ್ಟಾಪರ್ಡ್ ಅದೇ ನಾಟಕದ ಎರಡು ಸಣ್ಣ ಪಾತ್ರಗಳನ್ನು ನಡುರಂಗಕ್ಕೆ ತಂದರು. ರೋಸೆನ್‌ಕ್ರಾಂಟ್ಜ್ ಯಾರು, ಗಿಲ್ಡೆನ್‌ಸ್ಟರ್ನ್ ಯಾರು ಎಂಬುದು ಅವರಿಗೇ ಗೊಂದಲ. ರಾಜಕುಮಾರ ಹ್ಯಾಮ್ಲೆಟನ ದಿಗಿಲನ್ನು ಲೋಕ ಕೂಡಲೇ ಕೇಳಿಸಿಕೊಂಡಿತು. ಮೂಲೆಯಲ್ಲಿ ನಿಂತವರ ದಿಗಿಲಿಗೆ ಕಿವಿಗೊಡಲು 350ಕ್ಕೂ ಹೆಚ್ಚು ವರ್ಷ ಬೇಕಾದವು.

ಶ್ರೀಕೃಷ್ಣ ಪಾರಿಜಾತದಲ್ಲಿ ಒಂದು ಹೂವು ರುಕ್ಮಿಣಿಯ ಮುಡಿಗೇರುತ್ತದೆ. ಸತ್ಯಭಾಮೆ ಮುನಿಯುತ್ತಾಳೆ, ದೇವರೇ ಕೊರವಂಜಿಯ ವೇಷ ಹಾಕಬೇಕಾಗುತ್ತದೆ. ‘ಒಥೆಲೊ’ದಲ್ಲಿ ಒಂದು ಕರವಸ್ತ್ರ ಕೈತಪ್ಪುತ್ತದೆ, ಡೆಸ್ಡಿಮೋನಳ ಉಸಿರೇ ನಿಲ್ಲುತ್ತದೆ. ಮತ್ಸರದ ತೂಕ ಎರಡು ಕಡೆಯೂ ಒಂದೇ. ಸತ್ಯಭಾಮೆ ಅದನ್ನು ಬೆಳತನಕ ಹಾಡಿ ಹೊರಹಾಕಿದಳು, ಒಥೆಲೊ ನುಂಗಿಕೊಂಡ.

ಒಥೆಲೊನ ಅನುಮಾನ ಸುಳ್ಳು. ‘ಸಂಗ್ಯಾ ಬಾಳ್ಯಾ’ದಲ್ಲಿ ಹೆಂಡತಿಯ ಮೇಲೆ ಈರಣ್ಣನ ಅನುಮಾನ ನಿಜ. ಹೆಣ ಎರಡು ಕಡೆಯೂ ಬಿತ್ತು.

ಒಥೆಲೊನಲ್ಲಿ ಅನುಮಾನ ಬಿತ್ತಿದ ಯಾಗೊ ಒಳಗೊಳಗೇ ಹಗೆ ಸಾಧಿಸಿದವನು. ಸಂಗ್ಯಾನಿಗೆ ದ್ರೋಹ ಬಗೆದ ಬಾಳ್ಯಾ ಜೀವದ ಗೆಳೆಯ. ಬೈಲಹೊಂಗಲ ಸೀಮೆಯ ಸಣ್ಣಾಟವೇ ಹೆಚ್ಚು ಕ್ರೂರ.

ಆ ಕರವಸ್ತ್ರದ ಕಥೆ ಶೇಕ್ಸ್‌ಪಿಯರನದೂ ಅಲ್ಲ. ಇಟಲಿಯ ಚಿಂತಿಯೊ ಮೊದಲೇ ಬರೆದಿದ್ದ. ಬೇರು ಹಿಡಿದು ಅಗೆಯುತ್ತ ಹೋದವನು ಇನ್ನೊಬ್ಬನ ಹೊಲದಲ್ಲಿ ಎದ್ದುನಿಲ್ಲುತ್ತಾನೆ.

ಇಂಗ್ಲಿಷ್ ಬಾರದ ಬಸವಪ್ಪ ಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ಕೊಟ್ಟರು. ನಾಟಕಕಾರನಿಗೆ ಬೇಕಾದದ್ದು ಕಿವಿ.

ಕಾಗವಾಡಕ್ಕೆ ಸಾಂಗ್ಲಿ ದೂರವಲ್ಲ. 1843ರಲ್ಲಿ ಅಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದ್ದು ಉತ್ತರ ಕನ್ನಡದ ಕರ್ಕಿ ಮೇಳದ ಆಟ ಕಂಡ ಮೇಲೆ. ಕನ್ನಡದ ಕುಣಿತ ಮರಾಠಿ ರಂಗಭೂಮಿಯ ಮೊದಲ ಹೆಜ್ಜೆಯಾಯಿತು. ಅದೇ ಸೀಮೆಯ ಗೋವಿಂದ ಬಲ್ಲಾಳ ದೇವಲ್ 1890ರಲ್ಲಿ ಒಥೆಲೊನನ್ನು ‘ಝುಂಝಾರರಾವ್’ ಮಾಡಿದರು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ, ಅಥಣಿ ಮುಂಬಯಿ ಪ್ರಾಂತದಲ್ಲಿ ಇದ್ದ ಕಾಲವದು. ಆಟಕ್ಕೆ ಯಾವ ನಾಕೆಯೂ ಅಡ್ಡ ಬರಲಿಲ್ಲ.

1599ರ ಗ್ಲೋಬ್ ರಂಗಮಂದಿರದಲ್ಲಿ ಹಗಲೇ ದೀಪ, ಮಾತೇ ಕಾಡು, ಮಾತೇ ಅರಮನೆ. ನಾಲ್ಕು ಕಂಬದ ನಮ್ಮ ಅಟ್ಟಕ್ಕೂ ಮಾತೇ ಬಂಡವಾಳ. ಕಳೆದುಕೊಂಡ ಆ ಬರಿಯ ರಂಗವನ್ನು ಲಂಡನ್ 1997ರಲ್ಲಿ ಮತ್ತೆ ತೆರೆಯಿತು. ಚಿಕ್ಕೋಡಿ ಸೀಮೆ ಇನ್ನೂ ಪೂರ್ತಿ ಕಳೆದುಕೊಂಡಿಲ್ಲ. ಮೇಳದ ಹಿರಿಯರು ಇರುವಾಗಲೇ ಕಲಿಯಬೇಕು.

ಶೇಕ್ಸ್‌ಪಿಯರ್ ತನ್ನ ಹೆಣ್ಣುಗಳಿಗೆ ಮಾತು ಬರೆದ, ಆಡಿದವರು ಹುಡುಗರು. ಪಾರಿಜಾತ ಆಡಿ ಹೆಸರಾದ ಕೌಜಲಗಿ ನಿಂಗಮ್ಮ ಹೆಣ್ಣಿನ ಮಾತನ್ನು ಹೆಣ್ಣಿನ ಬಾಯಿಗೇ ಮರಳಿಸಿದರು.

1968ರವರೆಗೆ ಇಂಗ್ಲೆಂಡಿನಲ್ಲಿ ಪ್ರತಿ ಹೊಸ ನಾಟಕಕ್ಕೂ ಅರಮನೆಯ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಆ ಅಂಕೆ ಹೋದ ಮೇಲೆ, 1971ರಲ್ಲಿ, ಎಡ್ವರ್ಡ್ ಬಾಂಡ್ ತಮ್ಮ ‘ಲಿಯರ್’ ಆಡಿಸಿದರು. ಅದರಲ್ಲಿ ರಾಜ ವೈರಿಗಳನ್ನು ತಡೆಯಲು ಗೋಡೆ ಕಟ್ಟಿಸುತ್ತಾನೆ. ಕಣ್ಣು ಕಳೆದುಕೊಂಡ ಮೇಲೆ ಸಲಿಕೆ ಹಿಡಿದು ಅದನ್ನೇ ಕೆಡವಲು ಹೋಗಿ ಗುಂಡಿಗೆ ಬಲಿಯಾಗುತ್ತಾನೆ. ಗಡಿಯ ನಿಪ್ಪಾಣಿಯಲ್ಲಿ ಆಡಬೇಕಾದ ನಾಟಕ ಇದು. ಒಂದು ರಾತ್ರಿ ಕನ್ನಡದಲ್ಲಿ, ಮರುರಾತ್ರಿ ಮರಾಠಿಯಲ್ಲಿ.