ಓಲೆ ಸಿಕ್ಕಿತು, ಆಮೇಲೆ?

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯೆಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಾಲಭೈರವೇಶ್ವರನ ಗುಡಿ, ಅದರ ಜೊತೆಗೇ ಆ ದೇವರ ಬಸವ. ಸುತ್ತಲ ಊರಿನವರು ಬಂದು ಬಸಪ್ಪನನ್ನು ಕರೆದುಕೊಂಡು ಹೋಗುತ್ತಾರೆ. ಗುಡಿಗೆ ಹೊಸ ಪೂಜಾರಿಯನ್ನು ಆರಿಸಬೇಕು, ಅಣ್ಣತಮ್ಮಂದಿರ ವ್ಯಾಜ್ಯ ತೀರಬೇಕು, ಕಳುವಾದ ಒಡವೆ ಯಾರು ತೆಗೆದರೆಂದು ತಿಳಿಯಬೇಕು ಎಂದರೆ ಬಸಪ್ಪ ಬರಬೇಕು. ಕೂಡಿದ ಜನರ ನಡುವೆ ನಡೆದು ಅದು ಯಾರ ಮುಂದೆ ನಿಲ್ಲುತ್ತದೋ ಅದೇ ತೀರ್ಪು ಎಂದು ನಂಬುವವರು ಇಂದಿಗೂ ಬಹಳ ಮಂದಿ.

ನನ್ನ ತವರು ಆ ಊರಿಗೆ ಹತ್ತಿರ. ಆದರೆ ಕಾಲೇಜಿಗೆ ಹೋಗುವ ದಿನಗಳಲ್ಲಿ ನನ್ನ ದೇವರು ಬೇರೆಯೇ ಇದ್ದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಹತ್ತಿದ ಓದಿನ ಹುಚ್ಚು ಅಗಾಥಾ ಕ್ರಿಸ್ಟಿಯವರೆಗೆ ಬಂದು ನಿಂತಿತ್ತು. ಅದರಲ್ಲೂ 1930ರ 'ಮರ್ಡರ್ ಅಟ್ ದಿ ವಿಕರೇಜ್' ಕಾದಂಬರಿಯ ಮಿಸ್ ಮಾರ್ಪಲ್ ನನಗೆ ಬಹಳ ಹಿಡಿಸಿದ್ದಳು. ಪೊಲೀಸಳಲ್ಲ, ವಕೀಲಳಲ್ಲ. ಸೇಂಟ್ ಮೇರಿ ಮೀಡ್ ಎಂಬ ಪುಟ್ಟ ಹಳ್ಳಿಯಲ್ಲಿ ತೋಟದ ಕಳೆ ಕೀಳುತ್ತ, ಉಣ್ಣೆ ಹೆಣೆಯುತ್ತ ಇರುವ ಮದುವೆಯಾಗದ ಮುದುಕಿ. ಯಾರ ಮನೆಗೆ ಯಾರು ಬಂದರು, ಯಾರ ಮುಖ ಏಕೆ ಬಾಡಿದೆ ಎಂದು ನೋಡುತ್ತಿರುವುದೇ ಅವಳ ವಿದ್ಯೆ. ನಮ್ಮಲ್ಲಿ ಜಗಲಿಯ ಮೇಲೆ ಕೂತು ಹೂ ಕಟ್ಟುವ ಹೆಂಗಸರನ್ನು ಕಾಡುಹರಟೆಯವರೆಂದು ಗಂಡಸರು ನಗುತ್ತಾರೆ. ಅದೇ ಹರಟೆಯಿಂದ ಕೊಲೆಗಾರನನ್ನು ಹಿಡಿಯಬಹುದೆಂದು ಓದಿದಾಗ ನನಗೆ ಕೋಡು ಮೂಡಿದಂತಾಗಿತ್ತು.

ಆ ಕೋಡು ಮುರಿದದ್ದು ಒಂದು ರಜೆಯಲ್ಲಿ. ಮನೆಯಲ್ಲಿ ನಾಮಕರಣ. ನೆಂಟರೆಲ್ಲ ಹೊರಟ ಮೇಲೆ ನೋಡಿದರೆ ಚಿಕ್ಕಮ್ಮನ ಓಲೆ ಇಲ್ಲ. ನಾನು ಪತ್ತೇದಾರಿಕೆಗೆ ಇಳಿದೆ. ಯಾರು ಯಾವಾಗ ಕೋಣೆಗೆ ಹೋದರು, ಯಾರು ನೋಡಿದರು ಎಂದು ಎಲ್ಲರನ್ನೂ ಕೇಳಿದೆ. ಕೊನೆಗೆ ಬಹಳ ಜಾಣೆಯಂತೆ, "ಊಟದ ಹೊತ್ತಿನಲ್ಲಿ ಆ ಕೋಣೆಗೆ ಹೋದವಳು ಒಬ್ಬಳೇ" ಎಂದೆ. ಪಾತ್ರೆ ತೊಳೆಯಲು ಬಂದಿದ್ದ ಹೆಂಗಸು ಅವಳು. ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ. ಅನುಮಾನ ಯಾವಾಗಲೂ ಬಡವರ ಮನೆಯ ದಾರಿಯನ್ನೇ ಮೊದಲು ಹಿಡಿಯುತ್ತದೆ.

"ಬಸಪ್ಪನ್ನೇ ಕರೆಸ್ಬುಡಾನ" ಎಂದರು ದೊಡ್ಡಪ್ಪ, ಹಿತ್ತಲಿಗೆಲ್ಲ ಕೇಳುವ ಹಾಗೆ.

ಬಸಪ್ಪ ಬರಲಿಲ್ಲ. ಮರುದಿನ ಬೆಳಿಗ್ಗೆ ತುಳಸಿಕಟ್ಟೆಯ ಮೇಲೆ ಕಾಗದದಲ್ಲಿ ಸುತ್ತಿದ ಓಲೆ ಇತ್ತು. ಯಾರು ಇಟ್ಟರೆಂದು ಕೆದಕಲು ಹೊರಟ ನನ್ನನ್ನು ಅಜ್ಜಿ ತಡೆದರು. "ಸಿಕ್ತಲ್ಲ, ಬುಡು. ಇಟ್ಟೋರ್‌ಗೆ ಗೊತ್ತು, ದೇವ್ರಿಗೆ ಗೊತ್ತು."

ಅಂದು ನನಗೆ ಆ ಮಾತು ರುಚಿಸಲಿಲ್ಲ. ಇಂಗ್ಲಿಷ್ ಕಾದಂಬರಿಯಲ್ಲಾದರೆ ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದೆಡೆ ಕೂರಿಸಿ ತಪ್ಪಿತಸ್ಥನ ಹೆಸರು ಹೇಳಬೇಕು. ವಯಸ್ಸಾದಂತೆ ಅಜ್ಜಿಯ ಮಾತಿನ ಬೆಲೆ ತಿಳಿಯಿತು. 'ಬಸಪ್ಪ ಬರುತ್ತದೆ' ಎಂಬ ಸುದ್ದಿಗೂ ಬಸಪ್ಪ ಬರುವುದಕ್ಕೂ ನಡುವೆ ಒಂದು ರಾತ್ರಿ ಇರುತ್ತದೆ. ಆಸೆಗೆ ಬಿದ್ದು ಕೈಚಾಚಿದವರು ಮರ್ಯಾದೆ ಕಳೆದುಕೊಳ್ಳದೆ ತಿರುಗಿ ಕೊಡಲು ಊರು ಕೊಟ್ಟ ಅವಕಾಶ ಅದು. ಪೊಲೀಸ್ ಠಾಣೆಯಲ್ಲಿ ಅಂಥ ರಾತ್ರಿ ಸಿಗುವುದು ಕಷ್ಟ.

ಆದರೆ ಆ ಕರುಣೆಗೂ ಯಾರೋ ಬೆಲೆ ತೆರಬೇಕು. ಆ ಹೆಂಗಸು ಮತ್ತೆ ನಮ್ಮ ಮನೆಗೆ ಕೆಲಸಕ್ಕೆ ಬರಲಿಲ್ಲ. ಅವಳೇ ತೆಗೆದಿದ್ದರೆ, ಹೆಸರಿಲ್ಲದೆ ಕ್ಷಮೆ ಸಿಕ್ಕಂತಾಯಿತು. ತೆಗೆದಿರದಿದ್ದರೆ, ಹೆಸರಿಲ್ಲದೆ ಶಿಕ್ಷೆಯಾದಂತಾಯಿತು. ಎರಡರಲ್ಲಿ ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ. ಕಳ್ಳರನ್ನು ಕಾಪಾಡಿದ ಮೌನವೇ ಕಳ್ಳರಲ್ಲದವರ ತಲೆಯ ಮೇಲೆ ಕೂತುಬಿಡುತ್ತದೆ.

1942ರ 'ದಿ ಬಾಡಿ ಇನ್ ದಿ ಲೈಬ್ರರಿ' ಕಾದಂಬರಿಯನ್ನು ಎರಡನೆಯ ಸಲ ಓದಿದಾಗ ಈ ಮಾತು ಅಲ್ಲಿಯೂ ಕಂಡಿತು. ಕರ್ನಲ್ ಬ್ಯಾಂಟ್ರಿಯ ಮನೆಯಲ್ಲಿ ಅಪರಿಚಿತ ಹುಡುಗಿಯ ಹೆಣ ಸಿಗುತ್ತದೆ. ಪೊಲೀಸರು ಅವನನ್ನು ಹಿಡಿಯುವುದಿಲ್ಲ. ಆದರೆ ಊರಿನವರು ಅವನಿಂದ ನಿಧಾನವಾಗಿ ದೂರ ಸರಿಯತೊಡಗುತ್ತಾರೆ. ನಿಜ ಹೊರಬೀಳದಿದ್ದರೆ ಆ ಮುದುಕ ಕೊರಗಿ ಹೋಗುತ್ತಾನೆಂಬುದು ಮಿಸ್ ಮಾರ್ಪಲ್‌ಳ ಚಿಂತೆ. ಅವಳು ಕೊಲೆಗಾರನನ್ನು ಹುಡುಕುವುದು ಕೊಲೆಯಾಗದವರ ಮನೆಯ ನೆಮ್ಮದಿಗಾಗಿಯೂ ಹೌದು. ಮೊದಲ ಓದಿನಲ್ಲಿ ನಾನು ಇದನ್ನು ಗಮನಿಸಿಯೇ ಇರಲಿಲ್ಲ.

ಹಾಗಾದರೆ ಬಸಪ್ಪ ಬಂದಿದ್ದರೆ ಚೆನ್ನಾಗಿತ್ತೇ? ನಂಬಿದವರ ಮನಸ್ಸನ್ನು ನೋಯಿಸಲಾರೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪಾಟೀಸವಾಲು ಮಾಡಬಹುದು, ತೀರ್ಪಿನ ಮೇಲೆ ಅಪೀಲು ಹೋಗಬಹುದು. ಬಸವ ಮುಂದೆ ಬಂದು ನಿಂತರೆ ಏನೆಂದು ವಾದಿಸುವುದು? ನಾನಲ್ಲ ಎಂದರೆ ದೇವರನ್ನೇ ಸುಳ್ಳೆಂದಂತೆ. ನನ್ನ ಜಾಣತನಕ್ಕೂ ಅವಳು ಉತ್ತರ ಕೊಡುವಂತಿರಲಿಲ್ಲ, ಏಕೆಂದರೆ ನಾನು ಅವಳನ್ನು ಕೇಳಿಯೇ ಇರಲಿಲ್ಲ. ಎಲ್ಲರನ್ನೂ ಕೇಳಿದ್ದೆ, ಅವಳೊಬ್ಬಳನ್ನು ಬಿಟ್ಟು.

ಓಲೆ ಸಿಕ್ಕ ವಾರದೊಳಗೆ ಅಜ್ಜಿ ತಾಂಬೂಲ, ಕುಂಕುಮ ತೆಗೆದುಕೊಂಡು ಅವಳ ಮನೆಗೆ ಹೋಗಿ ಬಂದರು. ಹಾಡುಹಗಲಲ್ಲಿ, ಊರ ನಡುವಿನ ಬೀದಿಯಲ್ಲಿ, ಎಲ್ಲರೂ ನೋಡುವ ಹಾಗೆ ನಡೆದು ಹೋದರು. ಕಾದಂಬರಿಯಲ್ಲಿ ನಿಜ ಹೊರಬಿದ್ದೊಡನೆ ಉಳಿದವರ ಮೇಲಿನ ಅನುಮಾನ ತಾನಾಗಿ ಕರಗುತ್ತದೆ. ಊರಿನಲ್ಲಿ ಯಾರಾದರೂ ಎದ್ದು ಹೋಗಿ ಅದನ್ನು ಕರಗಿಸಬೇಕಾಗುತ್ತದೆ.

"ನೀನೂ ಬಾ" ಎಂದು ಅಜ್ಜಿ ನನ್ನನ್ನು ಕರೆದಿದ್ದರು. ಓದುವುದಿದೆ ಎಂದು ನಾನು ಹೋಗಲಿಲ್ಲ.